ಹಾಡಲು ಬಾರದ ತತ್ವ

ನಮ್ಮ ಕಡೆ ತತ್ವಶಾಸ್ತ್ರದ ಅಧ್ಯಾಪಕ ಎಂದು ಹೇಳಿಕೊಳ್ಳುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಸಿಂಧನೂರಿನ ಕಾಲೇಜಿನಲ್ಲಿ ನಾನು ಅದನ್ನೇ ಕಲಿಸುತ್ತೇನೆ. ಹಾಗೆಂದ ಕೂಡಲೇ ಬರುವ ಪ್ರಶ್ನೆ ಒಂದೇ: “ಪೇಟಿ ಬಾರಸ್ತೀರೋ, ಏಕತಾರಿನೋ?” ಇಲ್ಲಿ ತತ್ವವೆಂದರೆ ಭಜನೆಯಲ್ಲಿ ಹಾಡುವ ತತ್ವಪದ. ಓದುವ ತತ್ವವೂ ಒಂದಿದೆ ಎಂದರೆ, ಹೋಳಿಗೆಯನ್ನು ಓದುತ್ತೇನೆ ಎಂದಂತೆ ನೋಡುತ್ತಾರೆ.

ನಾನು ಓದಿದ್ದಾದರೂ ಏನು? ‘ನಾನು’ ಎಂಬುದು ನಿಜವಾಗಿ ಇದೆಯೇ ಎಂದು ಹತ್ತು ವರ್ಷ ತಲೆ ಕೆಡಿಸಿಕೊಂಡು ಪ್ರಬಂಧ ಬರೆದೆ. ಆತ್ಮವಿದೆ ಎನ್ನುವವರನ್ನೂ ಇಲ್ಲವೆನ್ನುವ ಬೌದ್ಧರನ್ನೂ ಜಗಳಕ್ಕೆ ಬಿಟ್ಟು, ನಡುವೆ ನಿಂತು ಡಾಕ್ಟರ್ ಅನ್ನಿಸಿಕೊಂಡೆ. ನನ್ನ ಹೆಂಡತಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು: “ಸಂತಿಗೆ ಹೋಗೋ ಮುಂದ ನೀವು ಇರಂಗಿಲ್ಲ, ಉಣ್ಣೋ ಮುಂದ ಇರ್ತೀರಿ.”

ಈ ವರ್ಷ ನನ್ನ ವಿಷಯವೇ ಇಲ್ಲವಾಗುವುದರಲ್ಲಿತ್ತು. ಹತ್ತು ಮಂದಿ ಸೇರದಿದ್ದರೆ ತತ್ವಶಾಸ್ತ್ರ ಮುಚ್ಚುತ್ತೇವೆ ಎಂದರು ಪ್ರಾಂಶುಪಾಲರು. ಸೇರಿದವರು ಒಂಬತ್ತು. ನನಗೆ ಅಳುವೇ ಬಂದಿತ್ತು. ಆಗ ಲಿಂಗಸುಗೂರಿನಿಂದ ಬರುವ ಬಸ್ಸಿನಲ್ಲಿ ಮಸ್ಕಿಯ ಶಾಂತಮ್ಮ ಎಂಬ ಅಜ್ಜಿ ಪಕ್ಕದಲ್ಲಿ ಕುಳಿತರು. ಅವರ ಮೊಮ್ಮಗಳು ನಮ್ಮ ಕಾಲೇಜಿಗೇ ಸೇರುವವಳು. ವಿಷಯ ಆರಿಸಿಕೊಳ್ಳುವುದು ಬಾಕಿ. ನನ್ನ ಕೆಲಸ ಕೇಳಿ ಹಿಗ್ಗಿದ ಅಜ್ಜಿ, “ಸೋಮವಾರ ಸಂಜಿಗೆ ನಮ್ಮನಿ ಭಜನಿಗೆ ಬರ್ರಿ ಮಾಸ್ತರ್ರ, ನಾಕು ತತ್ವ ಹಾಡ್ರಿ” ಎಂದರು. ಹತ್ತನೆಯ ಹೆಸರಿನ ಆಸೆಗೆ ನಾನು ತಿದ್ದಲಿಲ್ಲ.

ಹೋದೆ. ಕೈಗೆ ಏಕತಾರಿ ಕೊಟ್ಟರು. ಅದನ್ನು ಹಿಡಿಯುವುದು ಹೇಗೆಂದೂ ತಿಳಿಯದೆ ಬೆವರಿ, ಒಪ್ಪಿಕೊಂಡೆ: “ನನಗ ಹಾಡಾಕ ಬರಂಗಿಲ್ರಿ. ನೀವು ಹಾಡಿದ್ದರ ಬಗ್ಗೆ ಪ್ರಶ್ನಿ ಕೇಳೋದಷ್ಟ ನನ್ನ ಕೆಲಸ.”

“ಹಂಗಾರ ಕೇಳ್ರಿ” ಎಂದರು ಶಾಂತಮ್ಮ.

“ಪದದಾಗ ‘ನಾನು’ ಅಂತೀರಲ್ಲ, ಅದು ಯಾರು?”

“ಹಾಡಾಂವ” ಎಂದ ದಮ್ಮಡಿ ಬಾರಿಸುವವನು. “ಮತ್ತ ಕೇಳಾಂವ?” ಎಂದ ತಾಳದವನು. “ನಿದ್ದಿ ಹತ್ತಿದಾಗ ಅಂವ ಎಲ್ಲಿ ಹೋಗಿರ್ತಾನ?” ಎಂದಳು ಚಹಾ ತಂದ ಮೊಮ್ಮಗಳು. ಅಷ್ಟೇ, ಪಡಸಾಲೆಯೆಲ್ಲ ಗದ್ದಲ. ನನ್ನ ಹತ್ತು ವರ್ಷದ ಪ್ರಬಂಧವನ್ನು ಚಹಾ ಆರುವುದರೊಳಗೆ ಮುಗಿಸಿ ಅವರು ಮುಂದಕ್ಕೆ ಹೋಗಿದ್ದರು. ನನಗಾದ ಸಂತೋಷ ಹೇಳತೀರದು.

ಹೊರಡುವಾಗ ಮೊಮ್ಮಗಳು, “ಆಯಿ, ನಾ ಇದನ್ನ ತಗೋತೀನಿ” ಎಂದಳು. ಶಾಂತಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು.

“ತಗೋವಾ. ಹಾಡಾಕ ಬರದಿದ್ರೂ ಪಗಾರ ಕೊಡತಾರಂತ.”

ತತ್ವಶಾಸ್ತ್ರದ ಪರವಾಗಿ ಇಷ್ಟು ಗಟ್ಟಿಯಾದ ವಾದ ನನಗೆ ಇಂದಿಗೂ ಹೊಳೆದಿಲ್ಲ.