ಒದ್ದೆ ಗೋಣಿಚೀಲ ಉಳಿಸಿದ ಕಣ್ಣು

“ಕೀಳ್ಬ್ಯಾಡ ಕಣ್ಲಾ!” ಎಂದು ಅವ್ವ ಕೂಗಿದಾಗ, ತಮ್ಮ ತಾನು ಸಾಕಿದ್ದ ಬಾಲ್ ಪೈಥಾನ್ ಎಂಬ ವಿಷವಿಲ್ಲದ ಹಾವಿನ ಕಣ್ಣಿಗೆ ಅಂಟಿದ್ದ ಒಣಪೊರೆಗೆ ಉಗುರು ಹಾಕಿದ್ದ. ಎಳೆದರೆ ಕಣ್ಣೇ ಹೋದೀತೆಂದು ನನಗೂ ಭಯ. ಹಾವು ಬೆಚ್ಚಗಿರಲೆಂದು ಪೆಟ್ಟಿಗೆಯನ್ನು ಗಾವಡಗೆರೆಯ ನಮ್ಮ ತಂಬಾಕು ಬೇಯಿಸುವ ಬ್ಯಾರನ್ನಿನ ಗೋಡೆಗೆ ಒತ್ತಿ ಇಟ್ಟಿದ್ದೆವು. ಆ ಶಾಖಕ್ಕೆ ಒಳಗಿನ ತೇವವೆಲ್ಲ ಆರಿ, ಪೊರೆ ಅರ್ಧಕ್ಕೇ ಕಚ್ಚಿಕೊಂಡಿತ್ತು.

“ಒಣಗಿದ ಹೊಗೆಸೊಪ್ಪು ಮುಟ್ಟುದ್ರೆ ಪುಡಿಯಾಯ್ತದೆ, ಇದೂ ಅಂಗೇಯ. ತ್ಯಾವ ಕುಡೀಲಿ, ಮೆತ್ತಗಾಯ್ತದೆ. ಅಲ್ಲೀಗಂಟ ಕೈ ಇಕ್ಬ್ಯಾಡಿ,” ಎಂದ ಅವ್ವ, ದೂರದಿಂದಲೇ ಒದ್ದೆ ಗೋಣಿಚೀಲ ಎಸೆದಳು. ಪೆಟ್ಟಿಗೆಯನ್ನು ಗೋಡೆಯಿಂದ ಸರಿಸಿ, ಚೀಲ ಹಿಂಡಿ ಒಳಗೆ ಹಾಸಿದೆವು. ಮರುದಿನ ಪೊರೆ ಪೂರ್ತಿ ಕಳಚಿ ಬಿದ್ದಿತ್ತು.

ಚೀಲ ತಂದದ್ದು ತಾನೆಂದು ತಮ್ಮ ಈಗ ವಾದಿಸುತ್ತಾನೆ. ನನ್ನ ನೆನಪಿನ ಮೇಲೆ ನನಗೂ ಪೂರ್ತಿ ನಂಬಿಕೆಯಿಲ್ಲ. ಆದರೆ ಬೆಳಕಿಗೆ ಹಿಡಿದ ಪೊರೆಯಲ್ಲಿ ಎರಡೂ ಕಣ್ಣಿನ ಮೇಲಿನ ಪೊರೆಯೂ ಗುಂಡು ಬಿಲ್ಲೆಗಳಾಗಿ ಕಳಚಿ ಬಂದದ್ದನ್ನು ಕಂಡು ಮೂವರೂ ನೆಮ್ಮದಿಯ ಉಸಿರು ಬಿಟ್ಟದ್ದು ಮಾತ್ರ ಸುಳ್ಳಲ್ಲ.