ಕಲ್ಲುಮಾಳದ ಜೋಳ

ಮೇಲಿನ ಮಾಳಕ್ಕೆ ಹೋಗಬೇಕಾಗಿತ್ತು, ಹೋಗಲಿಲ್ಲ. ನಾನು ಮಾಡದೆ ಬಿಟ್ಟದ್ದು ಇಷ್ಟೆ. ಕೇಳಿದರೆ ನಗುತ್ತೀರಿ.

ಉಮರ್ಗಾದ ಹತ್ತಿರ ನಮ್ಮ ಹೊಲ. ಪ್ರತಿ ವರ್ಷ ಎಳ್ಳು ಅಮಾವಾಸ್ಯೆಗೆ, ನಮ್ಮ ಎಳ್ಳಮಾಸಿಗೆ, ಎಲ್ಲರೂ ಅಲ್ಲಿಯೇ ಉಂಡ ಮೇಲೆ, ಅಕ್ಕ ಹೊಲದ ಮೇಲ್ತುದಿಯ ಕಲ್ಲುಮಾಳದ ದಿಬ್ಬ ಏರಿ, ಬೀಜಕ್ಕೆಂದು ಆರಿಸಿದ ಜೋಳದ ದಂಟುಗಳಿಗೆ ಕೆಂಪು ದಾರ ಕಟ್ಟುತ್ತಿದ್ದಳು. ಅವ್ವ ಕಲಿಸಿದ ಕೆಲಸ. ಗಂಡ ಸತ್ತು ತವರಿಗೆ ಬಂದವಳಿಗೆ ಈ ಮನೆಯಲ್ಲಿ ತನ್ನದೆನ್ನಲು ಇದ್ದದ್ದು ಅದೊಂದೇ.

ಒಂದು ವರ್ಷ ಜ್ವರದಿಂದ ಆಕೆ ಮನೆಯಲ್ಲೇ ಉಳಿದಳು. ದಾರ ನನ್ನ ಕೈಗಿಟ್ಟು, "ಕಲ್ಲಾಗ ನಿಂತಿದ್ದಕ್ಕ ಕಟ್ಟೋ ತಮ್ಮಾ. ಬಾವಿ ದಂಡಿದು ಬ್ಯಾಡ. ಅವು ಬಾವಿ ನೀರು ಕುಡದು ಲಾಡಲೆ ಬೆಳದಾವ, ನಿನ್ನಂಗ" ಅಂದಳು.

ಭಜ್ಜಿ, ಅಂಬಲಿ ಹೊಟ್ಟೆತುಂಬ ಉಂಡಿದ್ದೆ. ಆಗ ಕಚೇರಿಯಲ್ಲಿ ನಡೆಯುತ್ತಿದ್ದ ಉರ್ದು ನನಗೆ ಬಾರದು. ಮಠದ ಅಯ್ಯನವರಿಂದ ಕಲಿತ ನಾಲ್ಕು ಅಕ್ಷರದ ಜಾಣತನ ಮಾತ್ರ ಬೇಕಾದಷ್ಟಿತ್ತು. ಬಾವಿ ದಂಡೆಯ ದಪ್ಪ ತೆನೆಗಳಿಗೇ ದಾರ ಕಟ್ಟಿ ನೆರಳಲ್ಲಿ ಮಲಗಿದೆ. ಮನೆಗೆ ಬಂದು, "ಮ್ಯಾಲೇ ಕಟ್ಟೀನಿ" ಅಂದೆ.

ಮರುವರ್ಷ ಅದೇ ಬೀಜ ಬಿತ್ತಿದೆವು. ಮಳೆ ಬೇಗ ನಿಂತು ನೆಲದ ಹಸಿ ಆರಿತು. ಜೋಳ ಎತ್ತರಕ್ಕೆ ಬೆಳೆದು, ತಡವಾಗಿ ತೆನೆ ಹಾಕಿ, ಕಾಳು ಕಟ್ಟುವ ಮೊದಲೇ ಒಣಗಿತು. ಅಕ್ಕ ಒಂದು ಜೊಳ್ಳು ತೆನೆಯನ್ನು ತಿಕ್ಕಿ ನೋಡಿ, "ಅವ್ವನ ಬೀಜ ನನ್ನ ಕೈಯಾಗ ಕೆಟ್ಟು ಹೋಯ್ತು" ಅಂದಳು. ನಾನು ಬಗ್ಗಿ ಒಣಗಿದ ದಂಟು ಕೀಳತೊಡಗಿದೆ. ಅಂದಿನಿಂದ ಆಕೆ ದಾರ ಮುಟ್ಟಲಿಲ್ಲ. ಊರವರ ಬೀಜ ತಂದು ಬಿತ್ತಿದೆವು.

ಆಮೇಲೆ ಕಂಡದ್ದೆಲ್ಲ ನನಗೆ ಅಕ್ಕನ ಮಾತನ್ನೇ ಹೇಳತೊಡಗಿತು. ಜಾಲಿಯ ಎಲೆ ಯಾಕೆ ಅಷ್ಟು ಸಣ್ಣದು? ಅಗಲ ಎಲೆಯ ಜಾಲಿಗಳನ್ನು ನಮ್ಮ ಬಿಸಿಲು ಎಂದೋ ಒಣಗಿಸಿರಬೇಕು. ಉದಗೀರದ ದಾರಿಯಲ್ಲಿ ದೇವಣಿ ತಳಿಯ ಎತ್ತುಗಳು ಉರಿಬಿಸಿಲಲ್ಲೂ ಎಳೆಯುತ್ತವೆ. ಆ ಬಿಸಿಲು ತಾಳದ ದನಗಳು ಕರು ಹಾಕುವ ಮೊದಲೇ ಬಿದ್ದುಹೋಗಿರಬೇಕು. ಬಿಸಿಲಿನ ಮುಂದೆ ಯಾರ ವಶೀಲಿಯೂ ನಡೆಯದು. ಬಿಸಿಲು ಉಳಿಸಿದ ದಂಟಿಗೇ ಅಕ್ಕ ದಾರ ಕಟ್ಟುತ್ತಿದ್ದಳು. ನಾನು ಬಾವಿಯ ವಶೀಲಿ ನಂಬಿದೆ.

ಈ ಎಳ್ಳಮಾಸಿಗೆ ಕಣ್ಣು ಮಂಜಾದ ಅಕ್ಕನ ಕೈ ಹಿಡಿದು ಮಾಳ ಹತ್ತಿದೆ. ಕಲ್ಲಿನ ಸಂದಿಯಲ್ಲಿ ತಾನಾಗಿ ಹುಟ್ಟಿದ ಒಂದು ಗಿಡ್ಡ ಜೋಳ ನಿಂತಿತ್ತು. ಅಕ್ಕ ತೆನೆಯ ಮೇಲೆ ಬೆರಳಾಡಿಸಿದಳು.

"ಇದು ಅವ್ವಂದು. ಇದು ಹ್ಯಾಂಗ ಉಳೀತೋ?"

ಸೊಂಟದಲ್ಲಿಟ್ಟಿದ್ದ ಕೆಂಪು ದಾರವನ್ನು ಆಕೆಯ ಕೈಗಿಟ್ಟೆ.

"ಯಕ್ಕಾ, ನಿನ್ನ ಕೈಯಾಗ ಏನೂ ಕೆಟ್ಟಿಲ್ಲ. ಅವತ್ತ ನಾ ಮ್ಯಾಲ ಬಂದೇ ಇಲ್ಲ. ತಪ್ಪಾಗ್ಯಾದ, ಹೊಟ್ಟ್ಯಾಗ ಹಾಕ್ಕೋ."