ನಂದಿ ಬೆಟ್ಟದ ಮೇಲಿನ ಎಡಗೈ ಗಂಟು

ದೆವ್ವ, ಗಾಳಿ, ಕನಸಿನಲ್ಲಿ ಬಂದು ಹೇಳಿದ್ದು, ಇದನ್ನೆಲ್ಲ ನಾನು ನಂಬಿದವಳಲ್ಲ. ನಮ್ಮ ಯಲಹಂಕದಲ್ಲಿ ಯಾರ ಮೈಮೇಲಾದರೂ ದೇವರು ಬಂತೆಂದರೆ ಜನ ಓಡಿಹೋಗಿ ಕೈ ಮುಗಿಯುತ್ತಿದ್ದರು. ನಾನು ಹೂ ಬಿಡಿಸುವುದು ಬಿಟ್ಟು ಏಳುತ್ತಿರಲಿಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿಯಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮದು ಹೂವಿನ ಮನೆ. ಕೆರೆಯ ಕೆಳಗೆ ಕನಕಾಂಬರ, ಕಾಕಡ, ಸೇವಂತಿಗೆ ಬೆಳೆಯುತ್ತಿದ್ದೆವು. ವರ್ಷವಿಡೀ ಬಿಡುವಿಲ್ಲ. ಆಷಾಢದಲ್ಲಿ ಮಾತ್ರ ಮದುವೆ ಗೃಹಪ್ರವೇಶ ಯಾವುದೂ ಇರುವುದಿಲ್ಲ, ಹೂ ಕೇಳುವವರೇ ಇಲ್ಲ. ಹಾಗಾಗಿ ಬೇರೆಯವರು ಮನೆಯಿಂದ ಹೊರಡದ ತಿಂಗಳಲ್ಲಿ ನಾವು ನಂದಿ ಬೆಟ್ಟಕ್ಕೆ ಹೊರಡುತ್ತಿದ್ದೆವು. ನಾನು ಮದುವೆಯಾಗಿ ಬಂದ ಮರುವರ್ಷದಿಂದ ಒಂದು ಆಷಾಢವೂ ತಪ್ಪಿಸಿದ್ದಿಲ್ಲ. ಬೆಳಿಗ್ಗೆ ಚಿಕ್ಕಬಳ್ಳಾಪುರದ ಸಣ್ಣ ರೈಲು ಹತ್ತಿ ನಂದಿಯಲ್ಲಿ ಇಳಿಯುವುದು, ಬೆಟ್ಟದ ಬುಡದವರೆಗೆ ನಡೆದು ಮೆಟ್ಟಿಲು ಹತ್ತುವುದು, ಮೇಲೆ ಕೊಳದ ಹತ್ತಿರ ಒಂದು ಚಪ್ಪಟೆ ಬಂಡೆ ಇದೆ, ಅದರ ಮೇಲೆ ಕೂತು ಬುತ್ತಿ ಬಿಚ್ಚುವುದು. ಪ್ರತಿ ವರ್ಷ ಅದೇ ಬಂಡೆ, ಅದೇ ಪುಳಿಯೋಗರೆ. ನಮ್ಮತ್ತೆ ಅಲ್ಲಿಂದ ಕೆಳಗೆ ಬೆರಳು ತೋರಿಸಿ, “ಅದೇ ನೋಡು ನಮ್ ಕೆರೆ” ಅನ್ನುತ್ತಿದ್ದರು. ನಮ್ಮ ಯಜಮಾನರು, “ಅವ್ವಾ, ಅದು ಯಾವ್ದೋ ಊರಿನ ಕೆರೆ, ಯಲಹಂಕ ಇಲ್ಲಿಗೆಲ್ ಕಾಣ್ತದೆ?” ಅನ್ನುತ್ತಿದ್ದರು. ಆ ಜಗಳ ಮುಗಿದರೇನೇ ಊಟ ಶುರು.

ನಮ್ಮತ್ತೆಯ ಹೂ ಕಟ್ಟುವ ಕೈ ಎಡಗೈ. ಹೂ ಕಟ್ಟುವವರಿಗೆ ಗೊತ್ತಿರುತ್ತದೆ, ಒಬ್ಬೊಬ್ಬರ ಕೈ ಒಂದೊಂದು ತರಹ. ದಾರದ ಸುತ್ತು ನೋಡಿದರೆ ಇದು ಯಾರು ಕಟ್ಟಿದ ಮಾಲೆ ಎಂದು ಹೇಳಬಹುದು. ನಮ್ಮೆಲ್ಲರ ಸುತ್ತು ಒಂದು ಕಡೆಗಾದರೆ ಅವರದು ಉಲ್ಟಾ. ನೆನೆಸಿದ ಬಾಳೆನಾರನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಒಳಗಿಂದ ಎಳೆದು ಬಿಗಿಯುತ್ತಿದ್ದರು. ಅದನ್ನು ಬಿಚ್ಚುವುದು ನನ್ನಿಂದ ಒಂದು ದಿನವೂ ಆಗಲಿಲ್ಲ. ಕಲಿಯಲು ನೋಡಿ ಬಿಟ್ಟುಬಿಟ್ಟೆ.

ಬೆಟ್ಟದ ಮೇಲೆ ಮಂಜು ಕವಿದ ಕೂಡಲೇ ಅತ್ತೆ ಮಡಿಲಿನಿಂದ ಅದೇ ಒದ್ದೆ ನಾರು ತೆಗೆದು ನನ್ನ ಮೂರು ಮಕ್ಕಳ ಮಣಿಕಟ್ಟನ್ನು ಒಂದಕ್ಕೊಂದು ಸೇರಿಸಿ ಕಟ್ಟಿ, ಕೊನೆಯ ತುದಿಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಪೇಟೆಯಿಂದ ಕಾರಿನಲ್ಲಿ ಬಂದ ಜನ ನಿಂತು ನಗುತ್ತಿದ್ದರು. ನನಗೆ ಮೈಯೆಲ್ಲ ಮುಳ್ಳು. “ಅತ್ತೆಮ್ಮ, ಮಕ್ಕಳನ್ನೂ ಮಾಲೆ ಕಟ್ತೀರಲ್ಲ, ಎಲ್ಲಾರೂ ನಗ್ತಾರೆ” ಎಂದರೆ, “ನಗ್ಲಿ ಬಿಡಮ್ಮಿ. ಮೂರು ಕರ್ಕೊಂಡ್ ಬಂದಿವ್ನಿ, ಮೂರು ಕರ್ಕೊಂಡ್ ಓಗ್ಬೇಕು” ಅನ್ನುತ್ತಿದ್ದರು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಇಸವಿ ಸರಿಯಾಗಿ ನೆನಪಿಲ್ಲ. ನನ್ನ ಕೊನೆಯವಳು ಲಚ್ಚಿಗೆ ನಾಲ್ಕು ವರ್ಷ. ಆ ಸಲ ಅತ್ತೆಯ ಮಂಡಿ ಊದಿ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ನಿಲ್ಲಿಸಿಬಿಡೋಣ ಎಂದರೆ ಅವರೇ ಬೈದು ಕಳಿಸಿದರು. ಹೊರಡುವಾಗ ನೆನೆಸಿದ ನಾರಿನ ಸಿಂಬಿಯನ್ನು ಬಾಳೆಲೆಯಲ್ಲಿ ಸುತ್ತಿ ನನ್ನ ಕೈಗಿಟ್ಟು, “ಮರೀಬ್ಯಾಡ” ಎಂದರು. ನಾನು ಮರೆಯಲಿಲ್ಲ. ಬೇಕೆಂತಲೇ ಒರಳುಕಲ್ಲಿನ ಹಿಂದೆ ಇಟ್ಟು ಹೊರಟೆ. ಒಂದು ವರ್ಷವಾದರೂ ನಾಲ್ಕು ಜನರಂತೆ ಹೋಗಿ ಬರೋಣ ಎನ್ನುವ ಬುದ್ಧಿ ನನಗೆ.

ಬಂಡೆಯ ಮೇಲೆ ಕೂತು ಊಟ ಮಾಡಿದೆವು. ಮಧ್ಯಾಹ್ನ ಹನ್ನೆರಡೂವರೆ ಇರಬೇಕು. ನಾನು ಬುತ್ತಿ ಪಾತ್ರೆ ತೊಳೆದುಕೊಂಡು ಬರುವಷ್ಟರಲ್ಲಿ ಗಾಳಿ ಎದ್ದು ಮಂಜು ಕವಿಯಿತು. ಆಷಾಢದ ಮಂಜು ಅದು, ಚಾಚಿದ ಕೈ ಕಾಣುವುದಿಲ್ಲ. ದೊಡ್ಡವರಿಬ್ಬರು ಗಂಡುಮಕ್ಕಳು ಅಪ್ಪನ ಪಕ್ಕ ಇದ್ದರು. ಲಚ್ಚಿ ಇರಲಿಲ್ಲ.

“ನಿನ್ ಜೊತೆ ಬಂದ್ಲಲ್ಲೇ!” ಎಂದರು ನಮ್ಮವರು.

“ನಿಮ್ ಹತ್ರ ಬಿಟ್ಟೋಗಿದ್ನಲ್ರೀ!” ಎಂದೆ ನಾನು.

ಕೂಗಿದೆವು. ಆ ಗಾಳಿಯಲ್ಲಿ ನನ್ನ ಕೂಗು ನನಗೇ ಕೇಳಿಸುತ್ತಿರಲಿಲ್ಲ. ಒಂದು ಕಡೆ ಕೊಳ, ಇನ್ನೊಂದು ಕಡೆ ಬೆಟ್ಟದ ಅಂಚು. ನಮ್ಮವರು ಕೊಳದ ಕಡೆ ಓಡಿದರು. ದೊಡ್ಡವನಿಗೆ ತಮ್ಮನ ಕೈ ಹಿಡಿಸಿ, ಬಂಡೆ ಬಿಟ್ಟು ಅಲ್ಲಾಡಬೇಡಿ ಎಂದು ಹೇಳಿ ನಾನು ಅಂಚಿನ ಕಡೆ ಹೋದೆ. ಹೋದೆ ಎಂದರೆ ನಡೆದುಕೊಂಡಲ್ಲ. ನೆಲ ಎಲ್ಲಿ ಮುಗಿಯುತ್ತದೆ ಗೊತ್ತಿಲ್ಲದೆ ಕೈಯೂರಿ ತೆವಳಿದೆ. ಆವಾಗ ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ. ಒರಳಿನ ಹಿಂದೆ ಇಟ್ಟ ಬಾಳೆಲೆಯ ಪೊಟ್ಟಣ ಒಂದೇ ಕಣ್ಣ ಮುಂದೆ.

ಎಷ್ಟು ಹೊತ್ತಾಯಿತೋ. ಮಂಜು ಒಂದು ಸಲ ಹರಿದಾಗ ಎದುರಿಗೇ ಲಚ್ಚಿ ಕಂಡಳು. ಒಂದು ಕುಳ್ಳ ಮರದ ಬುಡದಲ್ಲಿ ಕಾಲು ಚಾಚಿ ಕೂತು ಹುಲ್ಲು ಕೀಳುತ್ತಿದ್ದಳು. ಅಳುತ್ತಿರಲಿಲ್ಲ. ಅವಳಿಂದ ಆಚೆಗೆ ಐದಾರು ಹೆಜ್ಜೆ, ಆಮೇಲೆ ಬಂಡೆ ಇಲ್ಲ, ಏನೂ ಇಲ್ಲ.

ಬಾಚಿ ಎತ್ತಿಕೊಳ್ಳಲು ಹೋದರೆ ಮಗು ಬರಲಿಲ್ಲ, ಏನೋ ಜಗ್ಗಿತು. ನೋಡಿದೆ. ಅವಳ ಮಣಿಕಟ್ಟಿಗೆ ಬಾಳೆನಾರು. ಇನ್ನೊಂದು ತುದಿ ಮರಕ್ಕೆ ಬಿಗಿದಿತ್ತು. ನಾರು ಒದ್ದೆಯಾಗಿತ್ತು. ಮಂಜಿಗೆ ಒದ್ದೆಯಾಗಿತ್ತು ಅನ್ನಿ, ಇರಬಹುದು. ಆದರೆ ಗಂಟು? ಎರಡು ಸುತ್ತು, ಉಲ್ಟಾ, ತುದಿ ಒಳಗಿಂದ ಎಳೆದದ್ದು. ಹತ್ತು ವರ್ಷ ದಿನಾ ಪಕ್ಕದಲ್ಲಿ ಕೂತು ನೋಡಿದ ಗಂಟು ಅದು.

“ಯಾರೇ ಕಟ್ಟಿದ್ದು?” ಎಂದು ಕೇಳಿದೆ.

“ಅಜ್ಜಿ” ಎಂದಳು.

ನಾಲ್ಕು ವರ್ಷದ ಮಗುವಿಗೆ ನರೆತ ಕೂದಲಿನವರೆಲ್ಲ ಅಜ್ಜಿಯೇ. ಅದನ್ನು ನಾನು ಲೆಕ್ಕಕ್ಕಿಡುವುದಿಲ್ಲ. ನಮ್ಮವರು ಬಂದು ಮರದ ಕಡೆಯ ನಾರನ್ನು ಹಲ್ಲಿನಿಂದ ಕಡಿದು ಬಿಡಿಸಿದರು. ಕೈಯ ಗಂಟು ಇಬ್ಬರಿಂದಲೂ ಬಿಚ್ಚಲಾಗಲಿಲ್ಲ. ಮಗುವಿಗೆ ನೋವಾಗುತ್ತದೆ ಎಂದು ಹಾಗೇ ಬಿಟ್ಟೆವು. ಕೆಳಗೆ ದೇವಸ್ಥಾನದ ಹತ್ತಿರ ಹೂ ಮಾರುವವಳು ಬಂದು ಕಟ್ಟಿರಬೇಕು ಎಂದರು ನಮ್ಮವರು. ಇಳಿದ ಮೇಲೆ ಹೋಗಿ ಕೇಳಿದೆ. ಅವಳು ಹೂ ಕಟ್ಟುವುದು ನೂಲಿನಲ್ಲಿ. “ಈ ಗಾಳೀಲಿ ನಾನ್ಯಾಕಮ್ಮ ಬೆಟ್ಟ ಅತ್ತಲಿ, ನಂಗೇನ್ ಉಚ್ಚಾ?” ಎಂದಳು.

ಸಂಜೆ ರೈಲಿಳಿದು ಮನೆ ಸೇರಿದಾಗ ಅತ್ತೆ ಜಗಲಿಯ ಮೇಲೆ ಮಂಡಿಗೆ ಬಿಸಿ ಎಲೆ ಕಟ್ಟಿಕೊಂಡು, ದೇವಸ್ಥಾನಕ್ಕೆ ದಿನಾ ಕೊಡುವ ಮಾಲೆ ಕಟ್ಟುತ್ತಿದ್ದರು. ಪಕ್ಕದ ಮನೆ ಮುನಿಯಮ್ಮ ಬೆಳಿಗ್ಗೆಯಿಂದ ಜೊತೆಗಿದ್ದಳು. ಅವಳನ್ನು ಹಿತ್ತಿಲಿಗೆ ಕರೆದು ಕೇಳಿದೆ. “ನಿಮ್ಮತ್ತೆ ಎಲ್ಲಿಗ್ ಓದಾರು? ಬಚ್ಚಲಿಗೂ ನಾನೇ ಇಡ್ಕೊಂಡ್ ಓದೆ. ಮಧ್ಯಾಹ್ನ ಊಟ ಆದ್ಮೇಲೆ ಕೂತಂಗೇ ಒಂದ್ ಗಳಿಗೆ ತೂಕಡಿಸಿದ್ರು, ಅಷ್ಟೆ” ಎಂದಳು. ಒರಳಿನ ಹಿಂದೆ ಬಗ್ಗಿ ನೋಡಿದೆ. ಪೊಟ್ಟಣ ಇಟ್ಟ ಹಾಗೇ ಇತ್ತು. ಎಲೆ ಬಾಡಿತ್ತು, ಬಿಚ್ಚಿರಲಿಲ್ಲ.

ಹೊರಗೆ ಬರುವಷ್ಟರಲ್ಲಿ ಲಚ್ಚಿ ಅಜ್ಜಿಯ ಮುಂದೆ ಕೈ ಚಾಚಿ ನಿಂತಿದ್ದಳು. ಅತ್ತೆ ಅವಳ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡರು. ಎಡಗೈಯ ಎರಡು ಬೆರಳಲ್ಲಿ ತುದಿ ಹಿಡಿದು ಒಂದು ಸಲ ಎಳೆದರು. ಬಿಚ್ಚಿಕೊಂಡಿತು. ಆ ನಾರನ್ನು ಪಕ್ಕದಲ್ಲಿದ್ದ ನೀರಿನ ಬಟ್ಟಲಿಗೆ ಹಾಕಿ, “ಒರಳಿನ ಇಂದ್ಗಡೆ ಇಟ್ಟಿದ್ದೀಯಲ್ಲ, ಅದನ್ನೂ ತಗಂಬಾ. ಒಣಗೋದ್ರೆ ಕೆಲ್ಸಕ್ಕೆ ಬರಕ್ಕಿಲ್ಲ” ಎಂದರು.

ತಂದುಕೊಟ್ಟೆ. “ಅತ್ತೆಮ್ಮ, ನೀವು ಅಲ್ಲಿ...” ಎಂದು ಬಾಯಿ ತೆರೆದೆ. “ಮೂರೂ ಬಂದವೆ ತಾನೆ? ಓಗು, ಮಕ್ಕಳಿಗೆ ಉಣ್ಣಾಕೆ ಇಟ್ಟಿಕ್ಕು” ಎಂದರು. ಅವರು ಆಮೇಲೂ ಎಂಟು ವರ್ಷ ಇದ್ದರು. ಮಂಡಿ ಸರಿಹೋಗಿ ಮತ್ತೆ ಮೂರು ಸಲ ಬೆಟ್ಟ ಹತ್ತಿದರು, ನಮ್ಮ ಕೆರೆ ಕಾಣುತ್ತದೆ ಎಂದು ಜಗಳವಾಡಿದರು, ಮಕ್ಕಳನ್ನು ಕಟ್ಟಿದರು. ಬಾಯಿ ಮುಚ್ಚಿಕೊಂಡು ನಾನೇ ನಾರು ನೆನೆಸಿ ಒಯ್ಯುತ್ತಿದ್ದೆ. ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದರೋ ಎನ್ನುವ ಭಯವೇ ಇರಬೇಕು.

ಲಚ್ಚಿಗೀಗ ಮಗಳ ಮದುವೆಯೂ ಆಗಿದೆ. ಕೇಳಿದರೆ ಅವಳಿಗೆ ಏನೂ ನೆನಪಿಲ್ಲ, ಹುಲ್ಲು ಕಿತ್ತದ್ದು ಬಿಟ್ಟರೆ. ತೋರಿಸಲು ಆ ನಾರಾದರೂ ಇದೆಯೇ ಎಂದರೆ, ಅದೂ ಇಲ್ಲ. ಅವತ್ತು ಸಂಜೆ ಅತ್ತೆ ಬಟ್ಟಲಿನಿಂದ ಅದನ್ನೇ ತೆಗೆದು ಕಾಕಡ ಕಟ್ಟಿ ಮುಗಿಸಿದ್ದರು. ನಾನೇ ಆ ಮಾಲೆಯನ್ನು ದೇವಸ್ಥಾನಕ್ಕೆ ಕೊಟ್ಟು ಬಂದೆ.